ಹಾರ್ಡ್‌ವೇರ್ ಕೋರ್ಸಿಗೆ ಐದು ಜನ

ಸುನಂದಮ್ಮನ ಲೆಕ್ಕದಲ್ಲಿ ಗಂಡಸರು ಎರಡೇ ಬಗೆ. ಫ್ಯೂಸ್ ಹಾಕಲು ಬರುವವರು ಒಂದು ಬಗೆ, ಬರುವುದಿಲ್ಲ ಅಂತ ಒಪ್ಪಿಕೊಳ್ಳದವರು ಇನ್ನೊಂದು ಬಗೆ. ಅವಳ ಗಂಡ ಚೆಲುವರಾಜು ಎರಡನೆಯ ಪೈಕಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೈಕೊಟ್ಟರೆ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಬೈಯುವುದೇ ಅವನ ರಿಪೇರಿ. ಅವನು ಬೈದು ಮುಗಿಸುವಷ್ಟರಲ್ಲಿ ಇವಳು ಸೆರಗು ಸಿಕ್ಕಿಸಿ, ಟೆಸ್ಟರ್ ಹಿಡಿದು, ಸುಟ್ಟ ತಂತಿ ಕಿತ್ತು ಹೊಸದು ಸುತ್ತಿ, ಮೋಟಾರ್ ಓಡಿಸಿಬಿಡುತ್ತಿದ್ದಳು. ಆಮೇಲೆ ಅವನು ಅರಳಿಕಟ್ಟೆಯಲ್ಲಿ ಕೂತು, "ನಾನೇ ಹೇಳ್ಕೊಟ್ಟಿದ್ದು ಕಣ್ಲಾ" ಎನ್ನುತ್ತಿದ್ದ. ಅದು ಕಿವಿಗೆ ಬಿದ್ದ ದಿನ ಅವನಿಗೆ ಮುದ್ದೆಯ ಜೊತೆ ಮಾತಿನ ಸಾರೂ ಸಿಗುತ್ತಿತ್ತು.

ಗಾವಡಗೆರೆ ಪಕ್ಕದ ಹಳ್ಳಿ ಅವರದು. ಎರಡೆಕರೆ ಹೊಗೆಸೊಪ್ಪು, ಒಂದಿಷ್ಟು ರಾಗಿ, ಎರಡು ಹಸು. ಸುನಂದಮ್ಮನಿಗೆ ಮೂವತ್ತೊಂಬತ್ತು ವರ್ಷ, ಪಿಯುಸಿ ಪಾಸು. ಊರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುವ ಕೆಲಸ. ಆ ಡೈರಿಗೆ ಕಂಪ್ಯೂಟರ್ ಬಂತು. ಪೂಜೆಯಾಯಿತು, ಕುಂಕುಮ ಹಚ್ಚಿದರು, ಎಂಟು ತಿಂಗಳು ಓಡಿತು. ಒಂದು ಸೋಮವಾರ ಬೆಳಿಗ್ಗೆ ಸತ್ತು ಕೂತಿತು. ಹನ್ನೊಂದು ದಿನ ಊರಿನವರು ಕ್ಯಾನು ಹಿಡಿದು ಸಾಲಿನಲ್ಲಿ ನಿಂತು, ಕೈಬರಹದ ಚೀಟಿ ಇಸಿದುಕೊಂಡು, ಗೊಣಗಿಕೊಂಡು ಹೋದರು. ಹನ್ನೆರಡನೆಯ ದಿನ ಮೈಸೂರಿನಿಂದ ರಿಪೇರಿಯವನು ಬಂದ. ಕಾಫಿ ಕುಡಿದ. ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ, ಗೇಣುದ್ದಕ್ಕೂ ಕಮ್ಮಿಯಿದ್ದ ಒಂದು ಹಸಿರು ಪಟ್ಟಿಯನ್ನು ಕಿತ್ತು, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಸ್ಕೂಲು ಮಕ್ಕಳ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಮತ್ತೆ ಅದೇ ಜಾಗಕ್ಕೆ ಸಿಕ್ಕಿಸಿದ. ಕಂಪ್ಯೂಟರ್ ಎದ್ದು ಕೂತಿತು.

"ಇಷ್ಟೇನಾ?" ಎಂದಳು ಸುನಂದಮ್ಮ.

"ಇದು ರ‍್ಯಾಮ್ ಮೇಡಂ. ಕಂಪ್ಯೂಟರಿನ ನೆನಪು. ತುಂಬಾ ಸೂಕ್ಷ್ಮ, ನೀವೆಲ್ಲ ಮುಟ್ಟೋಕೆ ಹೋಗ್ಬೇಡಿ."

"ಹನ್ನೊಂದು ದಿನ ಜನ ಒದ್ದಾಡಿದ್ದು ಒಂದು ರಬ್ಬರಿಗಾ? ನಮ್ಮ ಸ್ಕೂಲಲ್ಲಿ ಒಂದನೇ ಕ್ಲಾಸಿನ ಮಕ್ಕಳ ಹತ್ರ ಇಪ್ಪತ್ತು ರಬ್ಬರ್ ಅವೆ."

ಅವನು ಬ್ಯಾಗು ಮುಚ್ಚಿಕೊಂಡು ಹೊರಟ. ಇವಳಿಗೆ ಆ ಹಸಿರು ಪಟ್ಟಿ ಮಾತ್ರ ತಲೆಯಿಂದ ಹೋಗಲಿಲ್ಲ.

ಹುಣಸೂರಿನಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಮುದಾಯ ಕಾಲೇಜಿತ್ತು. ಹಳ್ಳಿಯವರಿಗೆ ಮೂರು ತಿಂಗಳ ಕಂಪ್ಯೂಟರ್ ಬೇಸಿಕ್ ಕೋರ್ಸು ಅಂತ ಬಸ್ಸಿನ ಹಿಂದೆಲ್ಲ ಅಂಟಿಸಿದ್ದರು. ಸೊಪ್ಪಿನ ಹರಾಜು ಶುರುವಾಗಿ ಮನೆಯಲ್ಲಿ ಕೆಲಸ ಇಳಿದ ಮೇಲೆ ಸುನಂದಮ್ಮ ಹೋಗಿ ಸೇರಿಕೊಂಡಳು. ಬೆಳಗಿನ ಹಾಲು ಮುಗಿಸಿ ಒಂಬತ್ತರ ಬಸ್ಸಿಗೆ ಹತ್ತುವುದು, ಸಂಜೆ ಹಾಲಿನ ಹೊತ್ತಿಗೆ ವಾಪಸು.

ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ಕಂಪ್ಯೂಟರ್. ಅವುಗಳಲ್ಲಿ ಹತ್ತು ಕೆಲಸ ಮಾಡುತ್ತಿದ್ದವು. ಉಳಿದ ಹದಿನಾಲ್ಕು ಗೋಡೆಯ ಪಕ್ಕ ಹೂವಿನ ಬೆಡ್‌ಶೀಟು ಹೊದ್ದು ಮಲಗಿದ್ದವು. ಒಂದು ಕಂಪ್ಯೂಟರಿಗೆ ಮೂರು ಮೂರು ಜನ. ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ಕೀಬೋರ್ಡ್ ಒತ್ತುವುದು, ಮೂರನೆಯವರಿಗೆ ದರ್ಶನದ ಪುಣ್ಯ. ಲ್ಯಾಬಿನ ಇನ್‌ಚಾರ್ಜು ಕಿರಣ್‌ಕುಮಾರ್ ಅಂತ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮುರಿಯದ ಶರ್ಟು, ಕತ್ತಿನಲ್ಲಿ ಗುರುತಿನ ಚೀಟಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಹದಿನಾಲ್ಕು ಕಂಪ್ಯೂಟರ್ ಯಾಕೆ ಮಲಗಿವೆ ಅಂತ ಕೇಳಿದರೆ ಒಂದು ವಾರ "ಲೈಸೆನ್ಸ್ ಮುಗಿದಿದೆ" ಎನ್ನುತ್ತಿದ್ದ, ಮುಂದಿನ ವಾರ "ಸರ್ವರ್ ಬರ್ಬೇಕು", ಅದರ ಮುಂದಿನ ವಾರ "ಅಪ್‌ಡೇಟ್ ಆಗ್ತಿವೆ."

"ಮೂರು ತಿಂಗಳಿಂದ ಮುಸುಕು ಹೊದ್ಕಂಡು ಕೂತಿದ್ರೆ ಅದು ಅಪ್‌ಡೇಟ್ ಅಲ್ಲ ಸಾರ್, ಕೋಳಿ ಕಾವಿಗೆ ಕೂತಂಗೆ" ಎಂದಳು ಸುನಂದಮ್ಮ. ತರಗತಿಯೆಲ್ಲ ನಕ್ಕಿತು. ಕಿರಣ್‌ಕುಮಾರ್ ನಗಲಿಲ್ಲ. ಅವಳ ಹೆಸರನ್ನು ಅವನು ಆವತ್ತು ನೆನಪಿಟ್ಟುಕೊಂಡ.

ಫೆಬ್ರವರಿಯಲ್ಲಿ ಬೇಸಿಕ್ ಮುಗಿಯಿತು. ಮುಂದಿನ ಕೋರ್ಸು ಆರಿಸಿಕೊಳ್ಳಲು ಒಂದು ದಿನ ಗೊತ್ತುಮಾಡಿ, ಅದಕ್ಕೆ ಕೌನ್ಸೆಲಿಂಗ್ ಎಂದು ಹೆಸರಿಟ್ಟರು. ಬಾಗಿಲಿಗೆ ಫ್ಲೆಕ್ಸು. ಅದರಲ್ಲಿ ಒಂದು ಬಿಳಿ ರೋಬೋಟು ಕೈಮುಗಿದು ನಿಂತಿತ್ತು. ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ ಕಂಡಿತು ಸುನಂದಮ್ಮನಿಗೆ. ಕೋರ್ಸು ಒಟ್ಟು ಐದು: ಟ್ಯಾಲಿ, ಡಿಟಿಪಿ, ವೆಬ್ ಡಿಸೈನ್, ಎಐ, ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಹಾರ್ಡ್‌ವೇರ್.

ಕೌನ್ಸೆಲಿಂಗ್ ಮಾಡಲು ಕೂತವನೂ ಕಿರಣ್‌ಕುಮಾರನೇ. ಅವನ ಆಯ್ಕೆಯ ಪದ್ಧತಿ ಸರಳವಾಗಿತ್ತು. ಬಂದವರ ಮುಖ ನೋಡುತ್ತಿದ್ದ. ವಯಸ್ಸು ಕಮ್ಮಿಯಿದ್ದರೆ ಎಐ. ಮದುವೆಯಾಗಿದ್ದರೆ ಡಿಟಿಪಿ. ಮದುವೆಯಾಗಿಯೂ ಪ್ರಶ್ನೆ ಕೇಳಿದರೆ ಎಐ. ಸುನಂದಮ್ಮ ಕುರ್ಚಿ ಎಳೆದು ಕೂರುವ ಮೊದಲೇ ಅವನು ಫಾರಮ್ಮಿನ ಮೇಲೆ ಪೆನ್ನಿಟ್ಟಿದ್ದ.

"ನಿಮಗೆ ಡಿಟಿಪಿ ಚೆನ್ನಾಗಿರುತ್ತೆ ಮೇಡಂ. ಮನೇಲೇ ಕೂತು ಮದುವೆ ಕಾರ್ಡ್ ಮಾಡ್ಬಹುದು, ನಾಮಕರಣದ ಕಾರ್ಡ್ ಮಾಡ್ಬಹುದು."

"ನಮ್ಮೂರಲ್ಲಿ ವರ್ಷಕ್ಕೆ ನಾಲ್ಕು ಮದುವೆ ಸಾರ್. ಮಿಕ್ಕಿದ ದಿನ ಏನ್ ಮಾಡ್ಲಿ, ಕಾರ್ಡಿಗೋಸ್ಕರ ಜನಕ್ಕೆ ಗಂಡು ಹುಡುಕ್ಲಾ?"

"ಹಾಗಾದ್ರೆ ಎಐ ತಗೊಳ್ಳಿ. ಅರವತ್ತು ಸೀಟು ಬಂದಿದೆ. ಅದೇ ಭವಿಷ್ಯ."

"ಅದ್ರಲ್ಲಿ ಏನ್ ಕಲಿಸ್ತೀರಿ?"

"ಎಐ ಕಲಿಸ್ತೀವಿ."

"ಅಂದ್ರೆ?"

ಅವನು ಬ್ರೋಷರ್ ತಿರುಗಿಸಿ ನೋಡಿದ. ಅದರಲ್ಲೂ ರೋಬೋಟು ಕೈಮುಗಿದಿತ್ತೇ ಹೊರತು ಉತ್ತರ ಇರಲಿಲ್ಲ. "ಎಲ್ಲಾ ವಿಡಿಯೋದಲ್ಲಿ ಬರುತ್ತೆ ಮೇಡಂ."

"ಪಾಠ ಮಾಡೋ ಮೇಷ್ಟ್ರು ಯಾರು?"

"ವಿಡಿಯೋನೇ ಮೇಷ್ಟ್ರು."

"ವಿಡಿಯೋ ನೋಡಕ್ಕೆ ನಾನು ಬಸ್ಸತ್ತಿ ಹುಣಸೂರಿಗೆ ಬರ್ಬೇಕಾ? ನಮ್ಮನೇಲಿ ನನ್ನ ಯಜಮಾನ್ರು ದಿನಾ ರಾತ್ರಿ ಅದೇ ಕೋರ್ಸು ಮಾಡ್ತಾವ್ರೆ, ಒಂದು ಸರ್ಟಿಫಿಕೇಟು ಬಂದಿಲ್ಲ ಇನ್ನೂ. ನಂಗೆ ಹಾರ್ಡ್‌ವೇರ್ ಬರ್ಕೊಳ್ಳಿ."

ಕಿರಣ್‌ಕುಮಾರನ ಪೆನ್ನು ನಿಂತಿತು. ಅದುವರೆಗೆ ಬೇಸರದಲ್ಲಿ ತೂಕಡಿಸುತ್ತಿದ್ದವನ ಕಣ್ಣಿಗೆ ಎಚ್ಚರ ಬಂದದ್ದನ್ನು ಅವಳು ಗಮನಿಸಿದಳು. ಆದರೆ ಯಾಕೆ ಅಂತ ಆವತ್ತು ಹೊಳೆಯಲಿಲ್ಲ.

"ಅದು ಲೇಡೀಸಿಗೆ ಆಗಲ್ಲ ಮೇಡಂ. ಭಾರ ಎತ್ತೋ ಕೆಲಸ. ಶಾಕ್ ಹೊಡೆಯುತ್ತೆ."

"ಹೊಗೆಸೊಪ್ಪು ಬೇಯಿಸೋ ಬ್ಯಾರನ್ನಿನ ತೊಲೆ ಹತ್ತಿ, ಕಾಲಗಲಿಸಿ ನಿಂತು, ಹಸಿ ಸೊಪ್ಪಿನ ಕಡ್ಡಿ ಮೇಲಕ್ಕೆ ತಗಳ್ಳೋಳು ನಾನು. ನಿಮ್ಮ ಡಬ್ಬ ಎಷ್ಟು ಭಾರ ಇರ್ಬೋದು?"

"ಕನಿಷ್ಠ ಐದು ಜನ ಇಲ್ದೆ ಆ ಬ್ಯಾಚ್ ಶುರು ಮಾಡಲ್ಲ. ಇಲ್ಲೀವರೆಗೆ ಒಬ್ರೂ ಕೇಳಿಲ್ಲ."

"ಯಾವತ್ತಿಗೆ ಬೇಕು ಐದು ಜನ?"

"ಇವತ್ತು ಸಂಜೆಯೊಳಗೆ" ಎಂದ ಅವನು. ಗೆದ್ದೆ ಅಂದುಕೊಂಡು ಮುಂದಿನವರನ್ನು ಕರೆದ.

ಸುನಂದಮ್ಮ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತಳು. ಮೊದಲು ಸಿಕ್ಕವಳು ಪವಿತ್ರಾ. ಪಿರಿಯಾಪಟ್ಟಣದ ಕಡೆಯವಳು, ಡಿಗ್ರಿ ಮುಗಿಸಿ ಒಂದು ವರ್ಷವಾಗಿತ್ತು. ಬೇಸಿಕ್ಕಿನಲ್ಲಿ ಇವಳ ಜೊತೆ ಒಂದೇ ಕಂಪ್ಯೂಟರಿಗೆ ಕೂತವಳು. ಅವಳ ಫಾರಮ್ಮಿನ ಮೇಲೆ ಆಗಲೇ ಎಐ ಅಂತ ಬರೆದಿತ್ತು. "ನಿಂಗೆ ಏನು ಅಂತ ಗೊತ್ತೇನವ್ವ ಅದು?" "ಇಲ್ಲ ಅಕ್ಕ." "ಬರೆದೋನಿಗೂ ಗೊತ್ತಿಲ್ಲ. ಬಾ ನನ್ ಜೊತೆ." ಪವಿತ್ರಾ ಬಂದಳು. ಕೆ.ಆರ್. ನಗರದ ಹೊಸ ಅಗ್ರಹಾರದಿಂದ ಒಂದೇ ಬೈಕಿನಲ್ಲಿ ಬರುತ್ತಿದ್ದ ಅಣ್ಣತಮ್ಮಂದಿರಿಬ್ಬರು, ಯಾವ ಕೋರ್ಸಾದರೂ ಸರಿ, ಇಬ್ಬರಿಗೂ ಒಂದೇ ಹೊತ್ತಿಗೆ ಬಿಟ್ಟರೆ ಸಾಕು ಎಂದರು. ಐದನೆಯವರು ಸಿದ್ದಯ್ಯ. ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ಮೂವತ್ತು ವರ್ಷ ಗೇಟು ಎತ್ತಿ ಇಳಿಸಿ ನಿವೃತ್ತರಾಗಿ, ಹುಣಸೂರಿನ ಮಗಳ ಮನೆಯಲ್ಲಿ ಹೊತ್ತು ಹೋಗದೆ ಕಾಲೇಜಿಗೆ ಬರುತ್ತಿದ್ದವರು. ಕಿರಣ್‌ಕುಮಾರ್ ಅವರ ಬಿಳಿ ಕೂದಲು ನೋಡಿ, "ನೀವು ಯಾವುದಾದ್ರೂ ತಗೊಳ್ಳಿ ತಾತ, ಸುಮ್ನೆ ಕೂರೋಕೆ ತಾನೆ" ಎಂದಿದ್ದ.

"ಸುಮ್ನೆ ಕೂರೋಕೆ ನಮ್ಮನೇಲೇ ಒಳ್ಳೆ ಜಗಲಿ ಐತೆ ಕಣಮ್ಮ" ಎಂದರು ಸಿದ್ದಯ್ಯ. "ಬರ್ಕೊ ನನ್ನ ಹೆಸರು."

ನಾಲ್ಕು ಗಂಟೆಗೆ ಐದು ಫಾರಂ ಮೇಜಿನ ಮೇಲೆ ಬಿದ್ದವು.

ಪಾಠ ಮಾಡಲು ಬಂದವರು ಮಾದೇಶ್. ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ, ಐವತ್ತರ ಹತ್ತಿರದ, ಮಾತು ಕಮ್ಮಿಯ ಮನುಷ್ಯ. ಕಾಲೇಜಿನ ಕಾಗದದಲ್ಲಿ ಅವರು ನಾಲ್ಕು ವರ್ಷದಿಂದ ಹಾರ್ಡ್‌ವೇರ್ ಶಿಕ್ಷಕರು. ಬ್ಯಾಚ್ ಮಾತ್ರ ಇದೇ ಮೊದಲು. ಮೊದಲ ವಾರ ಬೋರ್ಡಿನ ಮೇಲೆ ಚಿತ್ರ ಬರೆದರು. ಎರಡನೆಯ ವಾರವೂ ಚಿತ್ರ. ಲ್ಯಾಬಿನ ಬೀಗ ಕೇಳಿದರೆ ಕಿರಣ್‌ಕುಮಾರ್, "ಎಐ ಬ್ಯಾಚಿಗೆ ರೆಡಿ ಮಾಡ್ತಿದೀವಿ" ಎನ್ನುತ್ತಿದ್ದ. ಕೊನೆಗೆ ಮಾದೇಶ್ ತಮ್ಮ ಅಂಗಡಿಯಿಂದಲೇ ಒಂದು ಹಳೆ ಕಂಪ್ಯೂಟರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ತಂದರು. ಐದು ಜನ ಅದರ ಸುತ್ತ, ಮೇಕೆ ಕೊಯ್ಯುವಲ್ಲಿ ನಿಂತ ಹಾಗೆ, ಬಗ್ಗಿ ನಿಂತು ಕಲಿತರು. ಇದು ಮದರ್‌ಬೋರ್ಡು, ಇದು ಡಿಸ್ಕು, ಇದು ರ‍್ಯಾಮ್. ಸುನಂದಮ್ಮ ಆ ಹಸಿರು ಪಟ್ಟಿಯನ್ನು ಕೈಯಲ್ಲಿ ಹಿಡಿದಾಗ, ಡೈರಿಯಲ್ಲಿ ತನಗೆ ಮುಟ್ಟಬೇಡ ಎಂದವನ ಮುಖ ನೆನಪಾಗಿ ತುಟಿ ಕೊಂಕಿಸಿದಳು. ಎರಡು ಕಡೆಯ ಗುಬುಟು ಒತ್ತಿದರೆ ಬಿಟ್ಟುಕೊಳ್ಳುತ್ತಿತ್ತು. ಹೆಬ್ಬೆರಳಲ್ಲಿ ಅಮುಕಿದರೆ ಟಕ್ ಎಂದು ಕೂರುತ್ತಿತ್ತು. ಅವರೆಕಾಯಿ ಸುಲಿಯುವುದು ಇದಕ್ಕಿಂತ ಕಷ್ಟ.

"ಮಾದೇಶಣ್ಣ, ಒಳಗೆ ಹದಿನಾಲ್ಕು ಮಲಗವೆ. ನೀವು ಅಂಗಡಿಯಿಂದ ಯಾಕೆ ಹೊತ್ಕಂಡು ಬತ್ತೀರಿ?"

ಮಾದೇಶ್ ಸ್ಕ್ರೂಡ್ರೈವರ್ ಒರೆಸಿದರು. "ಕೇಳಿದೀನಿ ಕಣಮ್ಮ. ಕೊಡಲ್ಲ ಅಂತಾರೆ."

ಮಾರ್ಚಿ ಮೂರನೆಯ ವಾರ ಎಐ ಕೋರ್ಸಿನ ಉದ್ಘಾಟನೆ ಇಟ್ಟರು. ಟ್ರಸ್ಟಿನ ಅಧ್ಯಕ್ಷರು ಬರುವವರಿದ್ದರು. ಹಿಂದಿನ ದಿನವೇ ಪ್ರಿನ್ಸಿಪಾಲರು, ಮಹದೇವಪ್ಪ ಅಂತ, ಎಲ್ಲ ತರಗತಿಗೂ ಬಂದು, "ಹಾಲ್‌ನಲ್ಲಿ ಖಾಲಿ ಕುರ್ಚಿ ಕಾಣಬಾರ್ದು" ಎಂದು ಹೇಳಿಹೋದರು. ಅರವತ್ತು ಸೀಟಿಗೆ ಇಪ್ಪತ್ತೆರಡು ಜನ ಸೇರಿದ್ದರು. ಉಳಿದ ಕುರ್ಚಿಗೆ ಡಿಟಿಪಿಯವರು, ಟ್ಯಾಲಿಯವರು, ಟೈಲರಿಂಗಿನವರು, ಹಾರ್ಡ್‌ವೇರಿನ ಐದು ಜನ.

ಬೆಳಿಗ್ಗೆ ಬಂದು ನೋಡಿದರೆ ಲ್ಯಾಬಿನ ಬಾಗಿಲು ಹಾರು ಹೊಡೆದಿತ್ತು. ಅಧ್ಯಕ್ಷರು ಲ್ಯಾಬ್ ನೋಡುತ್ತಾರೆ ಅಂತ ಬೆಡ್‌ಶೀಟುಗಳನ್ನು ಎಳೆದು ಹಾಕಿ, ಇಪ್ಪತ್ತನಾಲ್ಕು ಕಂಪ್ಯೂಟರಿಗೂ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟಿದ್ದರು. ಕೆಲಸ ಮಾಡುವ ಹತ್ತನ್ನು ಬಾಗಿಲ ಎದುರಿಗೆ ತಂದಿಟ್ಟಿದ್ದರು.

ಹಾಲ್‌ನಲ್ಲಿ ಪ್ರಾರ್ಥನೆ ಮುಗಿದು ಸ್ವಾಗತ ಭಾಷಣ ಶುರುವಾಯಿತು. ಭಾಷಣ ಇನ್ನೂ ವೇದಿಕೆಯ ಮೇಲಿನವರ ಹೆಸರಿನಲ್ಲೇ ಇರುವಾಗ ಸುನಂದಮ್ಮ ಎದ್ದು ಲ್ಯಾಬಿನ ಕಡೆ ನಡೆದಳು. ಹಿಂದೆಯೇ ಪವಿತ್ರಾ, ಸಿದ್ದಯ್ಯ, ಅಣ್ಣತಮ್ಮಂದಿರು. ಹಿಂದಿನ ಸಾಲಿನಲ್ಲಿದ್ದ ಮಾದೇಶ್ ಒಂದು ಗಳಿಗೆ ಕೂತು, ತಾವೂ ಎದ್ದು ಬಂದರು.

"ನಂಗೆ ಒಂದನ್ನ ಬಿಚ್ಚಿ ನೋಡ್ಬೇಕು, ಅಷ್ಟೇ" ಎಂದಳು ಸುನಂದಮ್ಮ.

ಮೂಲೆಯ ಕಂಪ್ಯೂಟರಿನ ಹಾರ ತೆಗೆದು ಪಕ್ಕಕ್ಕಿಟ್ಟು ಸ್ಕ್ರೂ ಬಿಚ್ಚಿದಳು. ಮುಚ್ಚಳ ಈಚೆ ಬಂತು. ರ‍್ಯಾಮ್ ಇರಬೇಕಾದ ಸೀಳಿನಲ್ಲಿ ರ‍್ಯಾಮ್ ಇರಲಿಲ್ಲ. ಡಿಸ್ಕಿನ ಜಾಗದಲ್ಲಿ ತಂತಿಗಳು ಬಾಯಿ ಬಿಟ್ಟುಕೊಂಡು ಜೋತಾಡುತ್ತಿದ್ದವು. ಪವಿತ್ರಾ ಪಕ್ಕದ್ದನ್ನು ಬಿಚ್ಚಿದಳು. ಅದರಲ್ಲೂ ಇಲ್ಲ. ಅಣ್ಣತಮ್ಮಂದಿರು ಎರಡು ಬಿಚ್ಚಿದರು. ಅವುಗಳಲ್ಲೂ ಇಲ್ಲ. ಒಂದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿ ಸಂಸಾರ ಮಾಡಿ ಖಾಲಿ ಮಾಡಿಕೊಂಡು ಹೋಗಿತ್ತು. ಹದಿನಾಲ್ಕಕ್ಕೆ ಹದಿನಾಲ್ಕೂ ಬರಿ ಡಬ್ಬ. ಹೊರಗೆ ಹೂವಿನ ಹಾರ, ಒಳಗೆ ಬೆರಳು ದಪ್ಪದ ಧೂಳು.

ಸುನಂದಮ್ಮನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಮೂರು ತಿಂಗಳು ಇದೇ ಕೋಣೆಯಲ್ಲಿ, ಪಾಠ ಕೇಳಲು ಬಂದವರು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿ ಕಲಿತಿದ್ದರು. ಕೌನ್ಸೆಲಿಂಗಿನ ದಿನ ಕಿರಣ್‌ಕುಮಾರನ ಕಣ್ಣಿಗೆ ಯಾಕೆ ಎಚ್ಚರ ಬಂತು ಅಂತ ಈಗ ಗೊತ್ತಾಯಿತು. ಡಿಟಿಪಿಯವರು ಡಬ್ಬ ಬಿಚ್ಚುವುದಿಲ್ಲ. ಎಐನವರು ವಿಡಿಯೋ ನೋಡುತ್ತಾರೆ. ಬಿಚ್ಚುವವರು ಹಾರ್ಡ್‌ವೇರಿನವರು ಮಾತ್ರ.

"ಶಾಕ್ ಹೊಡೀತದೆ ಅಂದಿದ್ನಲ್ಲ" ಎಂದಳು. "ಹೊಡೀತು."

ಸಿದ್ದಯ್ಯ ಜೇಬಿನಿಂದ ಪೆನ್ನು ತೆಗೆದು, ಎರಡು ಆಮಂತ್ರಣ ಪತ್ರಿಕೆಗಳ ಹಿಂದೆ ತಾರೀಕು, ಹೊತ್ತು, ಒಂದೊಂದು ಡಬ್ಬದ ನಂಬರು, ಒಳಗೆ ಏನಿಲ್ಲ, ಎಲ್ಲ ಬರೆದರು. "ಇಲಾಖೇಲಿ ಮೂವತ್ತು ವರ್ಷ ಇದ್ದೆ ಕಣಮ್ಮ. ಕಣ್ಣಲ್ಲಿ ಕಂಡಿದ್ದು ಕಾಗದದಲ್ಲಿ ಇಲ್ದಿದ್ರೆ ಕಂಡಂಗಲ್ಲ" ಎಂದು ಆರು ಜನರ ಸಹಿ ಹಾಕಿಸಿದರು.

ಸಹಿಯ ಶಾಯಿ ಆರುವ ಮೊದಲೇ ಅಧ್ಯಕ್ಷರು ಬಂದರು. ಹಿಂದೆ ಮಹದೇವಪ್ಪ, ಕಿರಣ್‌ಕುಮಾರ್, ಒಬ್ಬ ಫೋಟೋದವನು. ಬಾಯಿ ತೆರೆದ ಹದಿನಾಲ್ಕು ಡಬ್ಬ ನೋಡಿ ಕಿರಣ್‌ಕುಮಾರ್ ಬಾಗಿಲಲ್ಲೇ ನಿಂತ. ಸುನಂದಮ್ಮ ಸ್ಕ್ರೂಡ್ರೈವರ್ ಹಿಡಿದು, ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರೇ ಕೈ ಜೋಡಿಸಿ ಮುಂದೆ ಬಂದರು.

"ಅದ್ಭುತ! ಇದು ನೋಡಿ ನಿಜವಾದ ಪ್ರಾಯೋಗಿಕ ಶಿಕ್ಷಣ! ಹಳ್ಳಿ ಹೆಣ್ಣುಮಗಳು ಎಐ ಬಿಚ್ಚಿ ನೋಡ್ತಿದಾರೆ!"

"ಸಾರ್, ಇದ್ರಲ್ಲಿ ಒಳಗೆ ಏನೂ ಇಲ್ಲ" ಎಂದಳು ಸುನಂದಮ್ಮ.

"ವಿನಯ, ವಿನಯ! ಕಲಿತವರೇ ಹೀಗೆ ಹೇಳೋದು" ಎಂದು ಅವರು ಅವಳ ಪಕ್ಕ ನಿಂತು, ಖಾಲಿ ಡಬ್ಬದ ಕಡೆ ಬೆರಳು ತೋರಿಸಿ, ಫೋಟೋ ತೆಗೆಸಿಕೊಂಡರು. ಊಟಕ್ಕೆ ತಡವಾಗಿತ್ತು. ಹೊರಟುಹೋದರು. ಆ ಮನುಷ್ಯನಿಗೆ ಕಿವಿಯೂ ಇತ್ತು, ಕಣ್ಣೂ ಇತ್ತು. ಅವು ಹದಿನಾಲ್ಕು ಡಬ್ಬಗಳಂತೆಯೇ ಹಾರ ಹಾಕಿಸಿಕೊಳ್ಳಲು ಇದ್ದವು ಅಷ್ಟೇ ಎಂದು ಅವಳಿಗೆ ಅನ್ನಿಸಿತು.

ಕಾರು ಗೇಟು ದಾಟಿದ ಮೇಲೆ ಕಿರಣ್‌ಕುಮಾರ್ ಮಹದೇವಪ್ಪನವರ ಜೊತೆ ಲ್ಯಾಬಿಗೆ ವಾಪಸು ಬಂದ. ಮುಖ ಕೆಂಪಾಗಿತ್ತು. "ಯಾರ ಪರ್ಮಿಷನ್ ಮೇಲೆ ಬಿಚ್ಚಿದ್ರಿ? ಬೆಳಿಗ್ಗೆ ಎಲ್ಲಾ ಸರಿ ಇತ್ತು. ಒಳಗಿದ್ದ ಪಾರ್ಟ್ಸ್ ಎಲ್ಲಿ? ನಿಮ್ಮ ಬ್ಯಾಗ್ ತೋರಿಸಿ!"

ಪವಿತ್ರಾ ಬೆಚ್ಚಿ ಸುನಂದಮ್ಮನ ತೋಳು ಹಿಡಿದಳು. ಸುನಂದಮ್ಮ ಬ್ಯಾಗನ್ನು ಮೇಜಿನ ಮೇಲೆ ಸುರಿದಳು. ಊಟದ ಡಬ್ಬಿ, ಬಸ್ ಪಾಸು, ನೋಟ್‌ಬುಕ್ಕು, ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು.

"ಇದನ್ನ ಬೇಕಾದ್ರೆ ಇಟ್ಕಳಿ" ಎಂದು ಮುಲಾಮು ಮುಂದೆ ತಳ್ಳಿದಳು. "ಬನ್ನಿ ಇಲ್ಲಿ. ಈ ಸೀಳಿನೊಳಗೆ ಬೆರಳಿಟ್ಟು ನೋಡಿ. ಇವತ್ತು ಕಿತ್ತಿದ್ರೆ ಪಟ್ಟಿ ಕೂತಿದ್ದ ಜಾಗ ತೊಳೆದಂಗೆ ಇರ್ಬೇಕಿತ್ತು. ಇಲ್ಲಿ ಧೂಳು ಕೆನೆ ಕಟ್ಟೈತೆ. ಈ ಕಣಜದ ಗೂಡನ್ನೂ ನಾನೇ ಬೆಳಿಗ್ಗೆ ಕಟ್ಟಿದ್ನಾ? ನಿಮ್ಮ ಅಧ್ಯಕ್ಷರು ಫೋಟೋ ತೆಗ್ಸವ್ರೆ. ಅದ್ರಲ್ಲೂ ಬಂದಿರ್ತದೆ."

ಸಿದ್ದಯ್ಯ ಒಂದು ಕಾಗದವನ್ನು ಮಡಿಸಿ ಮಹದೇವಪ್ಪನವರ ಕೈಗೆ ಕೊಟ್ಟರು. "ಇನ್ನೊಂದು ಪ್ರತಿ ನನ್ನ ಹತ್ರ ಇರ್ತದೆ ಸಾರ್" ಎಂದರು.

ಮಾರನೆಯ ದಿನ ಫೋಟೋ ಪೇಪರಿನಲ್ಲಿ ಬಂತು: ಎಐ ತರಬೇತಿಯಲ್ಲಿ ಗ್ರಾಮೀಣ ಮಹಿಳೆ. ಚೆಲುವರಾಜು ಅದನ್ನು ಅರಳಿಕಟ್ಟೆಯಲ್ಲಿ ನಾಲ್ಕು ಜನಕ್ಕೆ ತೋರಿಸಿ ಬಂದ. ಸಂಜೆ ನಿಜ ಸಂಗತಿ ಕೇಳಿ ಅವನ ಮುಖ ಬಾಡಿತು.

"ದೊಡ್ಡೋರ ಸಾವಾಸ ಕಣೆ. ನಿನ್ನೇ ಕಳ್ಳಿ ಅಂದ್ಬುಟ್ರೆ? ನಿಂಗ್ಯಾಕೆ ಬೇಕಿತ್ತು?"

"ಡಬ್ಬದೊಳಗೆ ಏನೈತೆ ಅಂತ ನೋಡ್ಬೇಕಿತ್ತು. ನೀವು ಬೈಕೊಂಡು ನಿಂತ್ಕತೀರಿ. ನಾನು ಬಿಚ್ಚಿ ನೋಡ್ತೀನಿ."

ಮರುದಿನ ಅವನು ಬಸ್ ಸ್ಟಾಪಿನವರೆಗೆ ಬೈಕಿನಲ್ಲಿ ತಾನೇ ಬಿಟ್ಟು ಬಂದ.

ಕಾಲೇಜಿನಲ್ಲಿ ಮಹದೇವಪ್ಪ ಅವಳನ್ನು ಕೋಣೆಗೆ ಕರೆಸಿ ಕೂರಿಸಿ ಟೀ ತರಿಸಿದರು. ಕೆಟ್ಟ ಮನುಷ್ಯರೇನಲ್ಲ. ಮೂರು ವರ್ಷ ಕಳೆದರೆ ನಿವೃತ್ತಿ, ಅಲ್ಲಿಯವರೆಗೆ ಎಲೆ ಅಲ್ಲಾಡಬಾರದು ಎನ್ನುವ ಜಾತಿ.

"ನೋಡಮ್ಮ, ಕಾಲೇಜಿನ ಮರ್ಯಾದೆ. ನಿಮ್ಮ ಐದೂ ಜನಕ್ಕೆ ಎಐ ಸರ್ಟಿಫಿಕೇಟ್ ಕೊಟ್ಟುಬಿಡ್ತೀವಿ. ಪರೀಕ್ಷೆ ಬೇಡ, ಹಾಜರಿ ಬೇಡ. ಅದಕ್ಕೇ ಈಗ ಬೆಲೆ."

"ಕಲೀದೆ ಕೊಡೋದಾದ್ರೆ ನಮ್ಮ ಹಸುಗಳಿಗೂ ಎರಡು ಬರೆದುಕೊಡಿ ಸಾರ್. ಕೊಟ್ಟಿಗೆ ಗೋಡೆ ಖಾಲಿ ಐತೆ."

ಟೀ ಕುಡಿಯದೆ ಎದ್ದು ಬಂದಳು.

ತನಿಖೆಗೆ ಮೂವರ ಸಮಿತಿ ಮಾಡಿದರು. ಸಮಿತಿ ಎರಡು ಸಲ ಸೇರಿತು, ಎರಡು ಸಲವೂ ಬಿರಿಯಾನಿ ತರಿಸಿತು, ಒಂದೂವರೆ ಪುಟದ ವರದಿ ಬರೆಯಿತು. ದಾಸ್ತಾನಿನ ಕೊರತೆಗೆ ಇಲಿಗಳ ಕಾಟ ಕಾರಣವಿರಬಹುದು. ವರದಿಯನ್ನು ನೋಟಿಸ್ ಬೋರ್ಡಿನ ಮೂಲೆಯಲ್ಲಿ ಅಂಟಿಸಿದ್ದರು. ಅದನ್ನು ಓದುತ್ತ ನಿಂತಿದ್ದ ಟೈಲರಿಂಗಿನ ಹೆಂಗಸರಿಗೆಲ್ಲ ಕೇಳುವ ಹಾಗೆ ಸುನಂದಮ್ಮ ಹೇಳಿದಳು: "ಎಂಥಾ ಇಲಿ ಅಂತೀರಿ! ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗ್ದು, ರ‍್ಯಾಮ್ ಹೊತ್ಕಂಡು, ಮತ್ತೆ ನಾಲ್ಕೂ ಸ್ಕ್ರೂ ಬಿಗಿ ಮಾಡಿ ಹೋಗೈತೆ. ಈ ಇಲಿಗೆ ಹಾರ್ಡ್‌ವೇರ್ ಯಾರು ಕಲಿಸಿದ್ರೋ. ನಮಗೆ ಅದನ್ನೇ ಮೇಷ್ಟ್ರು ಮಾಡಿ."

ಕಿರಣ್‌ಕುಮಾರನನ್ನು ಟ್ರಸ್ಟಿನದೇ ಇನ್ನೊಂದು ಶಾಖೆಗೆ ಕಳಿಸಿದರು. ಅಲ್ಲಿ ಲ್ಯಾಬು ಇನ್ನೂ ದೊಡ್ಡದಂತೆ. ಹಾರ್ಡ್‌ವೇರ್ ಕೋರ್ಸನ್ನು "ಉಪಕರಣಗಳ ಅಭಾವದಿಂದ" ನಿಲ್ಲಿಸಿದರು. ಐದು ಜನರೂ ಬೇರೆ ಕೋರ್ಸು ಆರಿಸಿಕೊಳ್ಳಬಹುದು ಎಂದರು.

ಅಣ್ಣತಮ್ಮಂದಿರು ಟ್ಯಾಲಿಗೆ ಹೋದರು. ಸಿದ್ದಯ್ಯ ವಾಪಸು ಜಗಲಿಗೆ. ಪವಿತ್ರಾ ಎಐಗೆ ಫಾರಂ ಬರೆಯುತ್ತಿರುವುದನ್ನು ಸುನಂದಮ್ಮ ಆಫೀಸಿನ ಕಿಟಕಿಯಲ್ಲಿ ಕಂಡಳು. ಕಾದು, ಅವಳು ಈಚೆ ಬಂದ ಕೂಡಲೇ ಬಾಯಿಬಿಟ್ಟಳು.

"ಮುಗೀತಾ ಪೌರುಷ? ಬಿಟ್ಟಿ ಕಾಗದಕ್ಕೆ ಕೈ ಚಾಚಿದ್ಯಾ ನೀನೂ?"

ಪವಿತ್ರಾ ತಲೆ ಬಗ್ಗಿಸಲಿಲ್ಲ. "ಬಿಟ್ಟಿ ಅಲ್ಲ ಅಕ್ಕ, ಪರೀಕ್ಷೆ ಬರೀತೀನಿ ಅಂತ ಹೇಳಿದೀನಿ. ನಿಮಗೆ ಡೈರಿ ಐತೆ, ಜಮೀನೈತೆ. ಕಾಗದ ಇಲ್ದೆ ಇದ್ರೂ ನಿಮ್ಮ ಮಾತು ಊರಲ್ಲಿ ನಡೀತದೆ. ನಂಗೆ ಏನೈತೆ? ಯಾವ ಆಫೀಸಿಗೆ ಹೋದ್ರೂ ಮೊದ್ಲು ಕೇಳೋದು ಕಾಗದಾನೇ. ಈ ವರ್ಷ ಏನೂ ಆಗ್ಲಿಲ್ಲ ಅಂದ್ರೆ ಮನೇಲಿ ಗಂಡು ಗೊತ್ತು ಮಾಡ್ತಾರೆ."

ಸುನಂದಮ್ಮ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸಿನಲ್ಲಿ ಕೂತು ಗಾವಡಗೆರೆ ಬರುವವರೆಗೂ ಅದೇ ಮಾತು ತಲೆಯಲ್ಲಿ ಸುತ್ತಿತು. ಇಲಿ ಎಂದು ಬರೆದವರ ಮೇಲೆ ಆಡಬೇಕಾದ ಮಾತನ್ನು ಆ ಹುಡುಗಿಯ ಮೇಲೆ ಆಡಿದ್ದಳು. ತನ್ನ ನಾಲಗೆಯ ಬಗ್ಗೆಯೇ ಅವಳಿಗೆ ಮೊದಲ ಸಲ ತಾತ್ಸಾರ ಹುಟ್ಟಿತು.

ಮಾರನೆಯ ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಮಾದೇಶ್ ಅಂಗಡಿಗೆ ಹೋದಳು. "ನಿಮ್ಮ ಹತ್ರ ಬೋರ್ಡಿಲ್ಲ, ಫ್ಲೆಕ್ಸಿಲ್ಲ, ಬಿಚ್ಚೋಕೆ ಕಂಪ್ಯೂಟರ್ ಮಾತ್ರ ಅವೆ. ಇಲ್ಲೇ ಕಲೀತೀನಿ." ಮಾದೇಶ್ ಒಂದು ಸ್ಟೂಲು ಎಳೆದು ಕೊಟ್ಟರು. ವಾರಕ್ಕೆ ಮೂರು ದಿನ. ಮೊದಮೊದಲು ಅಂಗಡಿಗೆ ಬಂದವರು ಇವಳನ್ನು ದಾಟಿ, "ರಿಪೇರಿಯವರಿಲ್ವಾ?" ಎಂದು ಒಳಗೆ ಇಣುಕುತ್ತಿದ್ದರು. "ಅವ್ರೆ, ನಿಮ್ಮ ಮುಂದೇನೇ ಕೂತವ್ರೆ, ಕನ್ನಡಕ ಬದಲಾಯಿಸ್ಕಳಿ" ಎನ್ನುತ್ತಿದ್ದಳು. ಮೇ ಹೊತ್ತಿಗೆ ಮದರ್‌ಬೋರ್ಡಿಗೆ ಬೆಸುಗೆ ಹಾಕುವುದೂ ಕೈಗೆ ಹತ್ತಿತು.

ಮೇ ಕೊನೆಯಲ್ಲಿ ಕಾಲೇಜಿನಿಂದ ಮಾದೇಶ್ ಅಂಗಡಿಗೆ ಆರ್ಡರ್ ಬಂತು. ಟ್ರಸ್ಟಿನ ಆಡಿಟ್ ಹತ್ತಿರವಿತ್ತು. ಹದಿನಾಲ್ಕು ಕಂಪ್ಯೂಟರಿಗೂ ಹೊಸ ರ‍್ಯಾಮ್, ಡಿಸ್ಕು ಹಾಕಿ ಓಡಿಸಿಕೊಡಬೇಕು. ಮಾದೇಶ್ ಸಾಮಾನಿನ ಪೆಟ್ಟಿಗೆಯನ್ನು ಸುನಂದಮ್ಮನ ಮುಂದೆ ಇಟ್ಟು, "ನೀನೇ ಹೋಗ್ಬಾರಮ್ಮ" ಎಂದರು.

ಎರಡು ದಿನ ಅವಳು ಆ ಲ್ಯಾಬಿನಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಕೆಲಸ ಮಾಡಿದಳು. ಬಣ್ಣದ ಬ್ರಷ್ಷಿನಲ್ಲಿ ಧೂಳು ಹೊಡೆದಳು, ಕಣಜದ ಗೂಡು ಕೆರೆದಳು, ಒಂದೊಂದು ಪಟ್ಟಿಯನ್ನೂ ಟಕ್ ಅನ್ನುವಂತೆ ಅಮುಕಿದಳು. ಮುಚ್ಚಿದ ಮೇಲೆ ಪ್ರತಿ ಡಬ್ಬದ ಅಂಚಿಗೂ ಒಂದು ಚೀಟಿ ಅಂಟಿಸಿ, ತಾರೀಕು ಬರೆದು ಸಹಿ ಹಾಕಿದಳು. ಮುಚ್ಚಳ ತೆಗೆದರೆ ಚೀಟಿ ಹರಿಯಲೇಬೇಕು.

ಮಹದೇವಪ್ಪ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಮೂರನೆಯ ಸಲ ಬಂದು ಕೆಮ್ಮಿದರು. "ಬಿಲ್ಲಿನ ಜೊತೆ ಕೆಲಸ ಮಾಡಿದವರ ಸರ್ಟಿಫಿಕೇಟ್ ಜೆರಾಕ್ಸ್ ಇಡ್ಬೇಕಂತೆ ಕಣಮ್ಮ, ಆಡಿಟ್‌ನವರು ಕೇಳ್ತಾರೆ. ನಿಮ್ದು ಹಾರ್ಡ್‌ವೇರ್ ಸರ್ಟಿಫಿಕೇಟ್ ಇದೆಯಾ?"

ಸುನಂದಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟು ಅವರ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾರೋ ಅಂತ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ನಿಮ್ಮ ಕಾಲೇಜಲ್ಲೇ ಸೇರಿದ್ದೆ ಸಾರ್" ಎಂದಳು. "ಉಪಕರಣ ಇಲ್ಲ ಅಂತ ನಿಲ್ಲಿಸ್ಬುಟ್ರು."

ಅವರು ಕೆಂಪಗಾಗಿ, ಜೆರಾಕ್ಸ್ ಬೇಡ ಬಿಡಿ ಎನ್ನುತ್ತಾ ಹೋದರು.

ಕೊನೆಯದನ್ನು ಮುಚ್ಚುವ ಹೊತ್ತಿಗೆ ಎಐ ಬ್ಯಾಚಿನವರು ಕ್ಲಾಸಿಗೆ ಬಂದರು. ಇಬ್ಬರು ಮೂವರಾಗಿ ಅದೇ ಹತ್ತು ಕಂಪ್ಯೂಟರಿನ ಕಡೆ ಹೋಗಿ ಅಭ್ಯಾಸಬಲದಿಂದ ಒತ್ತಿಕೊಂಡು ಕೂತರು. ಪವಿತ್ರಾ ಕಡೆಯಲ್ಲಿ ಬಂದಳು. ಇವಳನ್ನು ನೋಡಿ ಅಲ್ಲೇ ನಿಂತಳು. ಆವತ್ತಿನ ಮೇಲೆ ಇಬ್ಬರೂ ಮಾತಾಡಿರಲಿಲ್ಲ.

ಸುನಂದಮ್ಮ ಸ್ವಿಚ್ ಹಾಕಿದಳು. ಗೋಡೆಯ ಪಕ್ಕದ ಹದಿನಾಲ್ಕೂ ಒಂದಾದ ಮೇಲೊಂದು ಬೆಳಗಿದವು. ಅವಳು ಎದ್ದು, ಮೂಲೆಯ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ತನ್ನ ಸೆರಗಿನಿಂದ ಒರೆಸಿದಳು.

"ಬಾರವ್ವ ಇಲ್ಲಿ, ಒಬ್ಳೇ ಕೂತ್ಕೊ" ಎಂದಳು. "ಪಾಠ ಹೆಂಗೋ ಗೊತ್ತಿಲ್ಲ. ಕಂಪ್ಯೂಟರ್ ಮಾತ್ರ ಚೆನ್ನಾಗೈತೆ."